ಮೊಳದುದ್ದದ ಬೇಸ್‌ಗೆ ಎಂಥ ತಂತಿ?

ಪುಣೆಯ ಗುಲ್ಟೇಕಡಿ ಮಾರ್ಕೆಟ್ ಯಾರ್ಡಿನ ಭುಸಾರ್ ಎಂಬ ಕಾಳುಕಡಿಯ ಓಣಿಗಳಲ್ಲಿ ಮಧ್ಯಾಹ್ನ ಮೂರು ದಾಟಿದರೆ ಗದ್ದಲ ತುಸು ಇಳಿಯುತ್ತದೆ. ಲಾರಿಗಳು ಖಾಲಿಯಾಗಿರುತ್ತವೆ, ಹಮಾಲರು ಮೂಟೆಗಳ ಮೇಲೆಯೇ ಮೈಚಾಚಿರುತ್ತಾರೆ. ಆ ಹೊತ್ತಿನಲ್ಲಿ ನಮ್ಮ ಭಾವನ ಗಾಳೆಗೆ, ಅಂದರೆ ಮಳಿಗೆಗೆ, ಹೋಗಿ ಗಾದಿಯ ಮೇಲೆ ಕೂತು ಚಹಾ ಕುಡಿಯುವುದು ನನ್ನ ಹಳೆಯ ಚಟ. ವಿಜಯಪುರದ ಕಡೆಯಿಂದ ಬಂದು ತೊಗರಿ, ಕಡಲೆಯ ಅಡತಿ ಹಾಕಿದ ಮನೆತನ ಅದು. ಗಿರಾಕಿಯ ಜೊತೆ ಮರಾಠಿ, ಲೆಕ್ಕದ ಪುಸ್ತಕದ ಹಿಂದೆ ಕನ್ನಡ. ಹೋದ ತಿಂಗಳು ಅಲ್ಲಿ ಕೂತಿದ್ದಾಗ ಅಕ್ಕನ ಮಗ ಒಂದು ಪುಟ್ಟ ಚೀಲ ಹೆಗಲಿಗೇರಿಸಿಕೊಂಡು ಬಂದ. ಚೀಲದಿಂದ ಹೊರಬಂದದ್ದು ಮಕ್ಕಳ ಆಟಿಕೆಯಂಥ ಗಿಟಾರು. ನಾಲ್ಕೇ ತಂತಿ. ಅವೂ ಒಗೆದ ಬಟ್ಟೆ ಹಾಕಿದ ಹಗ್ಗದಂತೆ ಜೋತುಬಿದ್ದಿದ್ದವು.

“ಮಾಮಾ, ಇದು ಬೇಸ್ ಯುಕುಲೇಲೆ. ಅಂಗಡ್ಯಾಗ ಕೊಟ್ಟ ತಂತಿ ಹಾಕೀನಿ, ದನಿನೇ ಬರವಲ್ದು. ಬರೇ ಪಟ ಪಟ ಅಂತದ.”

ತಂಬೂರಿಗೆ ತಂತಿ ಹಾಕಿ ಅಭ್ಯಾಸವಿದ್ದವನು ಮನೆತನದಲ್ಲಿ ನಾನೊಬ್ಬನೇ. ಹಾಗಾಗಿ ತಂತಿಯಿದ್ದದ್ದು ಯಾವುದೇ ಇರಲಿ, ಟೆಲಿಫೋನಿನದೊಂದು ಬಿಟ್ಟು, ದೂರು ನನ್ನ ಬಳಿಗೇ ಬರುತ್ತದೆ. ಅಂಗಡಿಯಾತ ಅವನಿಗೆ ದೊಡ್ಡ ಬೇಸ್ ಗಿಟಾರಿನ ಸೆಟ್ಟನ್ನೇ ಕೊಟ್ಟು, ಉದ್ದ ಹೆಚ್ಚಾದರೆ ಕತ್ತರಿಸಿಕೋ ಎಂದಿದ್ದನಂತೆ. ಮೇಲ್ನೋಟಕ್ಕೆ ನ್ಯಾಯವಾಗಿಯೇ ಇದೆ. ಪಂಚೆ ಉದ್ದವಾದರೆ ಮಡಚಿ ಉಟ್ಟಂತೆ. ತಂತಿಯ ವಿಷಯದಲ್ಲಿ ಮಾತ್ರ ಈ ಲೆಕ್ಕ ನಡೆಯುವುದಿಲ್ಲ. ಅದೇಕೆ ಎಂದು ತಿಳಿದರೆ ಯಾವ ತಂತಿ ಕೊಳ್ಳಬೇಕು ಎಂಬುದು ಮುಕ್ಕಾಲು ಪಾಲು ತಾನಾಗಿಯೇ ತಿಳಿಯುತ್ತದೆ.

ಉತ್ತರ ಗಾಳೆಯಲ್ಲೇ ಇತ್ತು. ಈಗ ತೂಕವೆಲ್ಲ ಎಲೆಕ್ಟ್ರಾನಿಕ್ ಕಾಂಟಾದಲ್ಲಿ ಆಗುತ್ತದೆ, ಆದರೆ ಹಳೆಯ ಕಬ್ಬಿಣದ ತೂಕದ ಕಲ್ಲುಗಳು ಮೂಲೆಯಲ್ಲಿ ತುಕ್ಕು ಹಿಡಿದು ಬಿದ್ದಿವೆ. ಮನೆಯಿಂದ ತಂಬೂರಿಯ ಉಕ್ಕಿನ ತಂತಿಯ ತುಂಡೊಂದನ್ನು ತರಿಸಿದೆ. ಮೇಲಿನ ಕೊಕ್ಕೆಗೆ ಒಂದು ತುದಿ ಬಿಗಿದು, ಕೆಳಗಿನ ತುದಿಗೆ 2 ಕೆಜಿಯ ಕಲ್ಲು ತೂಗುಹಾಕಿ ಮೀಟಿದೆವು. ಒಂದು ಸ್ವರ ಬಂತು. ಅದನ್ನು ‘ಸಾ’ ಎನ್ನೋಣ. ಆಮೇಲೆ ಅದರ ಜೊತೆ 5 ಮತ್ತು 1 ಸೇರಿಸಿ ಒಟ್ಟು 8 ಕೆಜಿ ತೂಗಿಸಿದೆವು. ಸರಿಯಾಗಿ ಮೇಲಿನ ‘ಸಾ’ ಬಂತು. ಸ್ವರ ಎರಡು ಪಟ್ಟು ಏರಬೇಕಾದರೆ ಸೆಳೆತ ನಾಲ್ಕು ಪಟ್ಟು ಆಗಬೇಕು. ಫ್ರಾನ್ಸಿನ ಪಾದ್ರಿ ಮರ್ಸೆನ್ 1636ರಲ್ಲಿ ಇದನ್ನು ಅಚ್ಚುಹಾಕಿಸಿದ್ದಾನೆ. ಅವನ ಹತ್ತಿರವೂ ಇಂಥವೇ ತೂಕದ ಕಲ್ಲುಗಳಿದ್ದಿರಬೇಕು.

ಇನ್ನೂ ಒಂದು ಹೆಜ್ಜೆ ಬಾಕಿಯಿತ್ತು. 8 ಕೆಜಿ ತೂಗುತ್ತಿರುವಾಗಲೇ ತಂತಿಯ ನಡುಮಧ್ಯಕ್ಕೆ ಒಂದು ಕಟ್ಟಿಗೆಯ ತುಂಡು ಒತ್ತಿ ಹಿಡಿದೆ. ಉದ್ದ ಅರ್ಧವಾಯಿತು, ಸ್ವರ ಇನ್ನೊಂದು ಸಪ್ತಕ ಏರಿತು. “ಈಗ ಇದನ್ನ ಮತ್ತ ಆ ಮೇಲಿನ ‘ಸಾ’ಕ್ಕ ಇಳಿಸು” ಎಂದೆ. ಹುಡುಗ ಕಲ್ಲು ಒಂದೊಂದಾಗಿ ತೆಗೆದ. ಉಳಿದದ್ದು 2 ಕೆಜಿ. ಸ್ವರವೇನೋ ಸಿಕ್ಕಿತು, ಆದರೆ ತಂತಿ ಸೋತುಹೋಗಿತ್ತು. ಜೋರಾಗಿ ಮೀಟಿದರೆ ಸ್ವರ ಮೇಲಕ್ಕೆ ಜಿಗಿದು ಆಮೇಲೆ ಕೆಳಗೆ ಬಂದು ಕೂರುತ್ತಿತ್ತು. ಹುಡುಗ ತನ್ನ ವಾದ್ಯವನ್ನು ನೋಡಿದ, ತಂತಿಯನ್ನು ನೋಡಿದ. ಹೇಳುವುದೇನೂ ಉಳಿಯಲಿಲ್ಲ.

ಬೇಸ್ ಗಿಟಾರಿನಲ್ಲಿ ನಟ್ ಎನ್ನುವ ತಲೆಯ ಪಟ್ಟಿಯಿಂದ ಕುದುರೆಯವರೆಗೆ, ಅಂದರೆ ಮಿಡಿಯುವ ಭಾಗದ ಉದ್ದಕ್ಕೆ ಸ್ಕೇಲ್ ಎನ್ನುತ್ತಾರೆ. ಲಿಯೋ ಫೆಂಡರ್ 1951ರಲ್ಲಿ ಪ್ರಿಸಿಷನ್ ಬೇಸ್ ತಂದಾಗ ಅದನ್ನು 34 ಇಂಚು ಮಾಡಿದ. ಇವತ್ತಿಗೂ ಅದೇ ವಾಡಿಕೆ. ಪಾಲ್ ಮೆಕಾರ್ಟ್ನಿ ಹಿಡಿದು ಹೆಸರು ಮಾಡಿದ ಹಾಫ್ನರ್ ಪಿಟೀಲು ಆಕಾರದ ಬೇಸ್ 30 ಇಂಚಿನದು, ಅದಕ್ಕೆ ಶಾರ್ಟ್ ಸ್ಕೇಲ್ ಎಂಬ ಹೆಸರು. ಅದಕ್ಕಿಂತ ಗಿಡ್ಡವಾಗಿ 25, 23 ಇಂಚಿನವು ಬಂದವು. ಬೇಸ್ ಯುಕುಲೇಲೆ ಇನ್ನೂ ಗಿಡ್ಡ, 20-21 ಇಂಚು. ನಮ್ಮ ಹೂವಿನ ಅಳತೆಯಲ್ಲಿ ಹೇಳಬೇಕೆಂದರೆ ಒಂದು ಮೊಳದ ಮೇಲೆ ಮೂರ್ನಾಲ್ಕು ಬೆರಳು ಹೆಚ್ಚು. (ಮಾರ್ಕೆಟ್ ಯಾರ್ಡಿನ ಹೂವಿನ ಬಜಾರಿನಲ್ಲಿ ಮೊಳ ಕೇಳಿದರೆ ನಗುತ್ತಾರೆ, ಅಲ್ಲಿ ಎಲ್ಲ ಕಿಲೋ ಲೆಕ್ಕ.) ಆದರೆ ಬೇಸ್ ಯುಕುಲೇಲೆಯಿಂದ ಬಯಸುವ ಸ್ವರ ಮಾತ್ರ ದೊಡ್ಡಣ್ಣನದೇ. ಅತಿ ಕೆಳಗಿನ ‘ಇ’ ತಂತಿ ಸೆಕೆಂಡಿಗೆ 41 ಸಲ ಮಿಡಿಯಬೇಕು. ಹಾರ್ಮೋನಿಯಂನ ಕಪ್ಪು ಒಂದರಲ್ಲಿ ಶ್ರುತಿ ಮಾಡಿದ ಗಂಡಸರ ತಂಬೂರಿಯ ಖರ್ಜವೇ, ಅಂದರೆ ಅತಿ ಕೆಳಗಿನ ‘ಸಾ’ ತಂತಿಯೇ, 69ರ ಆಸುಪಾಸು ಇರುತ್ತದೆ. ಅದಕ್ಕಿಂತ ಮುಕ್ಕಾಲು ಸಪ್ತಕ ಕೆಳಗಿನ ದನಿಯನ್ನು ಮೊಳದುದ್ದದ ಆಟಿಕೆಯಿಂದ ಕೇಳುತ್ತಿದ್ದೇವೆ ಎಂಬುದು ನೆನಪಿರಲಿ.

34 ಇಂಚಿನ ಬೇಸ್‌ನಲ್ಲಿ ನಾಲ್ಕು ತಂತಿಗಳ ಒಟ್ಟು ಸೆಳೆತ 75 ಕೆಜಿಯ ಆಸುಪಾಸು, ಅಂದರೆ ಇಲ್ಲಿಯ ಒಂದೂವರೆ ಮೂಟೆ ಈರುಳ್ಳಿ ಆ ಕುತ್ತಿಗೆಗೆ ಸದಾ ಜೋತುಬಿದ್ದಂತೆ. ಅದೇ ತಂತಿಗಳನ್ನು 20 ಇಂಚಿನ ವಾದ್ಯಕ್ಕೆ ಹಾಕಿ ಅದೇ ಸ್ವರಕ್ಕೆ ತಂದರೆ ಸೆಳೆತ ಮೂರರಲ್ಲೊಂದು ಪಾಲಿಗೆ ಬೀಳುತ್ತದೆ. ಪಟಪಟದ ಗುಟ್ಟು ಇದೇ. ಸೆಳೆತ ಉಳಿಸಿಕೊಳ್ಳಬೇಕಾದರೆ ತಂತಿ ಭಾರವಾಗಬೇಕು, ಅದೂ ಸುಮಾರು ಮೂರು ಪಟ್ಟು. ಉಕ್ಕಿನಲ್ಲೇ ಆ ಭಾರ ತರಹೊರಟರೆ ಈಗ 2.7 ಮಿಲಿಮೀಟರ್ ಇರುವ ‘ಇ’ ತಂತಿ 4.5 ಮಿಲಿಮೀಟರ್ ಆಗಬೇಕು. ಅಷ್ಟು ದಪ್ಪದ್ದು ಇಷ್ಟು ಗಿಡ್ಡ ಅಂತರದಲ್ಲಿ ತಂತಿಯಾಗಿ ಉಳಿಯುವುದಿಲ್ಲ, ಸಲಾಕೆಯಾಗುತ್ತದೆ. ಸಲಾಕೆ ಹಾಡುವುದಿಲ್ಲ, ಠಣ್ ಎನ್ನುತ್ತದೆ. ಅದರ ಮೇಲುಸ್ವರಗಳು ಮೂಲಸ್ವರದ ಜೊತೆ ಕೂಡಿಕೊಳ್ಳುವುದೇ ಇಲ್ಲ.

ಭಾರವಿರಬೇಕು, ಗಡುಸು ಇರಬಾರದು. ಇಡೀ ತಂತಿ ಕಸುಬಿನ ಚರಿತ್ರೆಯೇ ಈ ಒಂದು ವಾಕ್ಯ. ಯುರೋಪಿನ ಪಿಟೀಲು ಬಳಗಕ್ಕೆ ಕರುಳಿನ ತಂತಿ ಒಂದೇ ಇದ್ದ ಕಾಲಕ್ಕೆ ಅದರ ಬೇಸ್ ವಾದ್ಯಗಳು ದೊಡ್ಡ ಗಾತ್ರದವಾಗಿದ್ದವು. 1660ರ ದಶಕದ ಹೊತ್ತಿಗೆ ಕರುಳಿಗೋ ರೇಷ್ಮೆಗೋ ಬೆಳ್ಳಿಯ ಸರಿಗೆ ಸುತ್ತುವ ಉಪಾಯ ಹೊಳೆಯಿತು. ಒಳಗೆ ಮೆತ್ತನೆಯ ಎಳೆ, ಹೊರಗೆ ಭಾರದ ಸುತ್ತು. ವಾದ್ಯ ಗಿಡ್ಡವಾಗಲು ಅದೇ ದಾರಿ ಮಾಡಿಕೊಟ್ಟಿತು. 1707ರ ಸುಮಾರಿಗೆ ಸ್ಟ್ರಾಡಿವರಿ ಚೆಲ್ಲೋವನ್ನು ಕಿರಿದು ಮಾಡಿದ. ಹಳೆಯ ದೊಡ್ಡವನ್ನು ಎಷ್ಟೋ ಕಡೆ ಕೊಯ್ದು ಚಿಕ್ಕದು ಮಾಡಿಸಿಕೊಂಡರು. ನಮ್ಮ ವೀಣೆಯ ಅನುಮಂದ್ರಕ್ಕೂ ಇದೇ ನ್ಯಾಯ, ತಂಬೂರಿಯ ಖರ್ಜಕ್ಕೆ ಉಕ್ಕು ಬಿಟ್ಟು ಹಿತ್ತಾಳೆ ಅಥವಾ ಕಂಚು ಹಾಕುವುದೂ ಹೀಗೆಯೇ. ಹಿತ್ತಾಳೆ ಉಕ್ಕಿಗಿಂತ ತುಸು ಭಾರ, ಜೊತೆಗೆ ಮೆದು. ಮಿರಜಿನಲ್ಲಿ 19ನೆಯ ಶತಮಾನದ ನಡುವಿನಿಂದ ತಂಬೂರಿ, ಸಿತಾರ್ ಮಾಡುತ್ತ ಬಂದಿರುವ ಶಿಕಲಗಾರ ಮನೆತನಗಳವರು ಮೂಲದಲ್ಲಿ ಕತ್ತಿ ಸಾಣೆ ಹಿಡಿಯುವವರು. ಲೋಹದ ಗುಣ ಅವರಿಗೆ ಕೈಯಲ್ಲೇ ತಿಳಿದಿತ್ತು. 2024ರಲ್ಲಿ ಮಿರಜಿನ ಸಿತಾರ್, ತಂಬೂರಿ ಎರಡಕ್ಕೂ ಭೌಗೋಳಿಕ ಗುರುತಿನ ಮುದ್ರೆ ಸಿಕ್ಕಿದೆ. ಗದಗಿನ ನೆಲದಿಂದ ಬಂದು ಪುಣೆಯವರೇ ಆಗಿಹೋದ ಭೀಮಸೇನ ಜೋಶಿಯವರು 1953ರಲ್ಲಿ ಶುರುಮಾಡಿದ ಸವಾಯಿ ಗಂಧರ್ವ ಉತ್ಸವ ಕೆಲ ವರ್ಷಗಳಿಂದ ಮುಕುಂದನಗರದ ಮಹಾರಾಷ್ಟ್ರೀಯ ಮಂಡಳದ ಮೈದಾನದಲ್ಲಿ ನಡೆಯುತ್ತಿದೆ. ನಮ್ಮ ಗಾಳೆಯಿಂದ ದೂರವೇನಲ್ಲ. ಅಲ್ಲಿ ಗಾಯಕರ ಬೆನ್ನ ಹಿಂದಿನ ತಂಬೂರಿಯ ಖರ್ಜವನ್ನು ಗಮನವಿಟ್ಟು ಕೇಳಿದವರಿಗೆ ಬೇಸ್ ಎಂದರೇನು ಎಂದು ಬೇರೆ ಹೇಳಬೇಕಾಗಿಲ್ಲ.

ಮೊಳದುದ್ದದ ವಾದ್ಯಕ್ಕೆ ಮಾತ್ರ ಮೊದಲು ಒದಗಿದ್ದು ಲೋಹವಲ್ಲ, ರಬ್ಬರು. ಆಲನ್ ಆಷ್‌ವರ್ತ್ ಜೋನ್ಸ್, ನೈಜೆಲ್ ಥಾರ್ನ್‌ಬರಿ ಎಂಬ ಇಬ್ಬರು ಸೇರಿ ಮಾಡಿದ ‘ಆಷ್‌ಬರಿ’ ಎಂಬ 18 ಇಂಚಿನ ಬೇಸ್ 1986ರಲ್ಲಿ ಗಿಲ್ಡ್ ಕಂಪನಿಯಿಂದ ಹೊರಬಂತು. ಅದರ ತಂತಿಗಳು ಸಿಲಿಕೋನ್ ರಬ್ಬರಿನವು. ಬೆರಳಿಗೆ ಅಂಟುತ್ತಿದ್ದುದರಿಂದ ನುಡಿಸುವವರು ಕೈಗೆ ಟಾಲ್ಕಂ ಪೌಡರ್ ಹಚ್ಚಿಕೊಳ್ಳುತ್ತಿದ್ದರು, ಕೇರಂ ಆಡುವವರ ಹಾಗೆ. ಆಮೇಲೆ ಅಮೆರಿಕದ ಓವೆನ್ ಹೋಲ್ಟ್ ಮರದ ಯುಕುಲೇಲೆ ಮೈಗೆ ರಬ್ಬರಿನಂಥದೇ ಆದ ಪಾಲಿಯುರೆಥೇನ್ ತಂತಿ ಹೂಡಿದರು. ಅದೇ ಕಾಲಾ ಕಂಪನಿಯ ‘ಯು-ಬೇಸ್’ ಆಗಿ 2010ರ ಸುಮಾರಿಗೆ ಪೇಟೆಗೆ ಬಂತು. ಇವತ್ತು ಬೇಸ್ ಯುಕುಲೇಲೆ ಎಂದು ಮಾರುವ ಬಹುಪಾಲು ವಾದ್ಯಗಳು ಅದರ ಮಾದರಿಯವೇ.

ಇಲ್ಲಿ ಒಂದು ಒಗಟಿದೆ. ರಬ್ಬರು ಉಕ್ಕಿನ ಆರೇಳರಲ್ಲೊಂದು ಪಾಲು ಭಾರದ ವಸ್ತು. ಎಷ್ಟೇ ದಪ್ಪ ಮಾಡಿದರೂ ಅದರ ಸೆಳೆತ ಕೆಲವೇ ಕಿಲೋ. ಹಾಗಾದರೆ ಸೋತ ಉಕ್ಕು ಪಟಪಟ ಎನ್ನುವಾಗ ಸೋತ ರಬ್ಬರು ಏಕೆ ಹಾಗೆನ್ನುವುದಿಲ್ಲ? ಉಕ್ಕು ಹಿಗ್ಗಲೊಲ್ಲದು. ಮೀಟಿದಾಗ ಕೂದಲೆಳೆಯಷ್ಟು ಜಗ್ಗಿದರೂ ಸೆಳೆತ ದಿಢೀರನೆ ಏರುತ್ತದೆ, ಸೆಳೆತದ ಜೊತೆ ಸ್ವರವೂ. ಬಿರಡೆಯಲ್ಲಿ ಬಿಗಿದಾಗಲೇ ಸಾಕಷ್ಟು ಹಿಗ್ಗಿ ಕೂತಿರುವ ರಬ್ಬರಿಗೆ ಇನ್ನೊಂದು ಕೂದಲೆಳೆ ಏನೂ ಅಲ್ಲ. ಅದರ ಸೆಳೆತ ಅಲುಗುವುದಿಲ್ಲ, ಸ್ವರವೂ ಅಲುಗುವುದಿಲ್ಲ. ಬಾಗುವುದಕ್ಕೂ ಅದರ ತಕರಾರಿಲ್ಲ, ಹಾಗಾಗಿ ಸಲಾಕೆಯ ರೋಗವಿಲ್ಲ. ಸದ್ದು ಮೆತ್ತಗೆ, ದುಂಡಗೆ, ನಿಂತು ನುಡಿಸುವ ದೊಡ್ಡ ಡಬಲ್ ಬೇಸ್‌ನ ನೆನಪು ತರುವಂಥದು. ನನಗೇನೋ ಅದೇ ಇಷ್ಟ. ಚುರುಕಾಗಿ, ಲೋಹದ ಮಿಂಚಿನೊಂದಿಗೆ ಕೇಳಬೇಕೆನ್ನುವವರಿಗೆ ಅದು ಮಂಕು ಎನಿಸಬಹುದು.

ಆ ಮಿಂಚು ಬೇಕೆನ್ನುವವರಿಗೆ ನಡುದಾರಿಯೊಂದಿದೆ. ಜರ್ಮನಿಯ ಪಿರಮಿಡ್ ಕಂಪನಿಯವರು ನೈಲಾನ್ ಎಳೆಗೆ ಬೆಳ್ಳಿ ಲೇಪದ ತಾಮ್ರ ಸುತ್ತಿದ ತಂತಿಯನ್ನು ಈ ಅಳತೆಗೆಂದೇ ಮಾಡುತ್ತಾರೆ. 1660ರ ದಶಕದ ಆ ಉಪಾಯದ ಮೊಮ್ಮಗು ಇದು. ರಬ್ಬರಿಗಿಂತ ತೆಳು, ದನಿ ಬಿಡಿಸಿ ಕೇಳುತ್ತದೆ, ಬೆರಳಿಗೂ ಅಂಟುವುದಿಲ್ಲ. ಇಟಲಿಯ ಅಕ್ವಿಲಾ ಕಂಪನಿಯ ‘ಥಂಡರ್‌ಗಟ್’ ಮತ್ತು ಅದರ ತಮ್ಮಂದಿರು ರಬ್ಬರಿನ ಕುಲದವೇ, ಒಂದು ಸುತ್ತು ಹೆಚ್ಚು ಗಡುಸು. ಪೂರ್ತಿ ಲೋಹದ, ಉಕ್ಕಿನ ಎಳೆಯ ಸೆಟ್ಟುಗಳೂ ಗಿಡ್ಡ ಅಳತೆಯಲ್ಲಿ ಸಿಗುತ್ತವೆ. ಆದರೆ ರಬ್ಬರಿನ ಕೆಲವೇ ಕಿಲೋ ಸೆಳೆತ ನಂಬಿ ಮಾಡಿದ ತೆಳ್ಳನೆಯ ಹಲಗೆಗೆ ಅವನ್ನು ಹೂಡುವ ಮೊದಲು, ವಾದ್ಯ ಮಾಡಿದವರು ಒಪ್ಪುತ್ತಾರೆಯೇ ಎಂದು ನೋಡಿ. ಹಲಗೆ ಉಬ್ಬಿ ಕುದುರೆ ಎದ್ದುಬಂದರೆ ತಂತಿಯ ಹಲವು ಪಟ್ಟು ಖರ್ಚು.

25 ಇಂಚಿನ ಆಸುಪಾಸಿನ, ಗಟ್ಟಿಮರದ ಬೇಸ್ ಇದ್ದವರಿಗೆ ಒಂದು ಸೊಗಸಾದ ಲೆಕ್ಕವಿದೆ. ದೊಡ್ಡ ಬೇಸ್‌ನ ಐದನೆಯ ಮೆಟ್ಟಿಲನ್ನು (ಫ್ರೆಟ್) ಒತ್ತಿ ಹಿಡಿದರೆ ಉಳಿಯುವ ಉದ್ದ 25.5 ಇಂಚು. ಐದು ತಂತಿಯ ಬೇಸ್‌ನ ಅತಿ ದಪ್ಪನೆಯ ‘ಬಿ’ ತಂತಿಯನ್ನು ಆ ಮೆಟ್ಟಿಲಲ್ಲಿ ಒತ್ತಿದರೆ ಬರುವುದು ‘ಇ’. ಅಂದರೆ ಐದು ತಂತಿಯ ಮಾಮೂಲು ಸೆಟ್ಟು ಕೊಂಡು, ಕೊನೆಯ ತೆಳು ತಂತಿಯೊಂದನ್ನು ಬದಿಗಿಟ್ಟು, ಬಿ-ಇ-ಎ-ಡಿ ತಂತಿಗಳನ್ನು ಇ-ಎ-ಡಿ-ಜಿ ಜಾಗಕ್ಕೆ ಹಾಕಿದರೆ ಸೆಳೆತ ದೊಡ್ಡ ಬೇಸ್‌ನಷ್ಟೇ ಬರುತ್ತದೆ. ವಿಶೇಷ ಸೆಟ್ಟು ಹುಡುಕಬೇಕಿಲ್ಲ. ‘ಬಿ’ ತಂತಿ ಸಾಮಾನ್ಯವಾಗಿ 3.3 ಮಿಲಿಮೀಟರ್ ಇರುತ್ತದೆ, ಬಿರಡೆಯ ತೂತಿಗೆ ಹೋಗುತ್ತದೆಯೇ, ನಟ್‌ನ ಗೀರಿನಲ್ಲಿ ಕೂರುತ್ತದೆಯೇ ನೋಡಿಕೊಂಡರಾಯಿತು. ಇದೇ ಜಾಣತನವನ್ನು 20 ಇಂಚಿಗೆ ಎಳೆಯಲು ಹೋದರೆ ಒಂಬತ್ತು ಮೆಟ್ಟಿಲು ಕೆಳಗಿನ ತಂತಿ ಬೇಕು, ಅದು ಮಾಮೂಲು ಸೆಟ್ಟುಗಳಲ್ಲಿ ಇಲ್ಲ. ಮಾಮೂಲು ಉಕ್ಕಿನ ಸೆಟ್ಟಿನ ಸೀಮೆ ಅಲ್ಲಿಗೆ ಮುಗಿದು ರಬ್ಬರಿನ ಸೀಮೆ ಶುರುವಾಗುತ್ತದೆ. 30 ಇಂಚಿನವರಿಗೆ ಇಷ್ಟೆಲ್ಲ ತಲೆನೋವಿಲ್ಲ, ಶಾರ್ಟ್ ಸ್ಕೇಲ್ ಎಂದು ಬರೆದ ಸೆಟ್ಟು ಕೊಂಡರೆ ಸಾಕು.

ತಂತಿ ಕೊಳ್ಳುವ ಮುಂಚೆ ವಾದ್ಯದೊಳಗೆ ದನಿ ಹಿಡಿಯುವುದು ಯಾವುದು ಎಂದು ನೋಡುವುದನ್ನು ಬಹಳ ಮಂದಿ ಮರೆಯುತ್ತಾರೆ. ಎಲೆಕ್ಟ್ರಿಕ್ ಬೇಸ್‌ನ ಪಿಕಪ್ ಅಯಸ್ಕಾಂತದ್ದು. ಅದಕ್ಕೆ ಕಬ್ಬಿಣದ ಜಾತಿಯ ಲೋಹ ಅಲುಗಿದರೆ ಮಾತ್ರ ಕೇಳುತ್ತದೆ. ರಬ್ಬರು, ನೈಲಾನು, ತಾಮ್ರ ಎಷ್ಟು ಕುಣಿದರೂ ಅದಕ್ಕೆ ಕಿವುಡು. ಬೇಸ್ ಯುಕುಲೇಲೆಯಲ್ಲಿ ಕುದುರೆಯ ಕೆಳಗೆ ಪೀಜೋ ಪಟ್ಟಿ ಇರುತ್ತದೆ, ಅದು ಒತ್ತಡವನ್ನೇ ಗ್ರಹಿಸುವುದರಿಂದ ಯಾವ ತಂತಿಯಾದರೂ ನಡೆದೀತು. ಆಂಪ್ಲಿಫೈಯರ್ ಇಲ್ಲದೆ ಈ ಪೆಟ್ಟಿಗೆಯಿಂದ ನಿಜವಾದ ಮಂದ್ರ ಹೊರಡುತ್ತದೆ ಎಂದು ಮಾತ್ರ ಆಸೆಪಡಬೇಡಿ. 41ರ ಕಂಪನವನ್ನು ಗಾಳಿಗೆ ತಳ್ಳಲು ಅಷ್ಟು ಚಿಕ್ಕ ಹಲಗೆಗೆ ತ್ರಾಣವಿಲ್ಲ.

ನಮ್ಮ ಹುಡುಗ ಮಾಡಿಕೊಂಡ ಇನ್ನೊಂದು ಎಡವಟ್ಟು ಕತ್ತರಿಯದು. ಸುತ್ತು ತಂತಿಯನ್ನು ಬಿರಡೆಗೆ ಹಾಕಿ ಬಾಗಿಸುವ ಮೊದಲೇ ನೇರ ಇರುವಾಗ ಕತ್ತರಿಸಿದ್ದ. ಒಳಗಿನ ಎಳೆ ದುಂಡಗಿದ್ದರೆ ಹೊರಗಿನ ಸುತ್ತು ಅಲ್ಲಿಂದಲೇ ಸಡಿಲಾಗುತ್ತ ಹೋಗುತ್ತದೆ, ಸ್ವೆಟರಿನ ಎಳೆ ಬಿಚ್ಚಿದ ಹಾಗೆ. ಆ ತಂತಿ ಸತ್ತಂತೆಯೇ. ಮೊದಲು ಬಿರಡೆಗೆ ತೂರಿಸಿ, ಲಟಕ್ಕನೆ ಮಡಚಿ, ಆಮೇಲೆ ಮಿಕ್ಕದ್ದನ್ನು ಕತ್ತರಿಸಬೇಕು. ಅಲ್ಲದೆ ದೊಡ್ಡ ಬೇಸ್‌ನ ತಂತಿ ತುದಿಯಲ್ಲಿ ತೆಳುವಾಗುವುದು 34 ಇಂಚಿನ ಆಚೆ. ಗಿಡ್ಡ ವಾದ್ಯದಲ್ಲಿ ಆ ದಪ್ಪ ಭಾಗವೇ ಬಿರಡೆಗೆ ಸುತ್ತಿಕೊಳ್ಳಬೇಕಾಗುತ್ತದೆ, ಅದಕ್ಕೆ ಒಗ್ಗುವುದಿಲ್ಲ.

ನಟ್ ಮತ್ತು ಕುದುರೆಯ ಮಾತೂ ಇದೆ. ರಬ್ಬರಿಗೆಂದು ಕೊರೆದ ಅಗಲದ ಗೀರಿನಲ್ಲಿ ತೆಳು ತಂತಿ ಹಾಕಿದರೆ ಅಡ್ಡಾಡಿ ಗಿರಗುಟ್ಟುತ್ತದೆ. ತೆಳುವಿನ ಗೀರನ್ನು ಅರದಿಂದ ಅಗಲ ಮಾಡಬಹುದು, ಅಗಲ ಮಾಡಿದ್ದನ್ನು ಕಿರಿದು ಮಾಡಲಾಗದು, ನಟ್ಟನ್ನೇ ಬದಲಿಸಬೇಕು. ಯುಕುಲೇಲೆಯ ಕುದುರೆ ಒಂದೇ ಪಟ್ಟಿಯದು, ತಂತಿಯ ಜಾತಿ ಬದಲಾದಾಗ ಮೇಲಿನ ಮೆಟ್ಟಿಲುಗಳಲ್ಲಿ ಸ್ವರ ಕೊಂಚ ಕೊಂಚ ಜಾರುತ್ತದೆ, ಅದನ್ನು ತಿದ್ದಲು ಅಲ್ಲಿ ತಿರುಪುಗಳಿಲ್ಲ. ಹಾಗಾಗಿ ನನ್ನ ಮತ ಸರಳ: ವಾದ್ಯ ಯಾವ ಜಾತಿಯ ತಂತಿಯೊಂದಿಗೆ ಬಂದಿದೆಯೋ ಮೊದಲ ವರ್ಷ ಅದೇ ಜಾತಿಯಲ್ಲಿರಿ. ಕಿವಿ ಪಳಗಿದ ಮೇಲೆ ಜಾತಿ ಬದಲಿಸಿ.

ಹುಡುಗನಿಗೆ ಪಾಲಿಯುರೆಥೇನ್ ಸೆಟ್ಟನ್ನೇ ತರಿಸಿದೆವು. ಪುಣೆಯ ಅಂಗಡಿಗಳಲ್ಲಿ ಸಿಗಲಿಲ್ಲ, ಆನ್‌ಲೈನ್‌ನಲ್ಲಿ ಬಂತು. ಲಕೋಟೆ ಬಿಚ್ಚಿದಾಗ ಭಾವ ಒಂದನ್ನು ಎತ್ತಿ ಜಗ್ಗಿ ನೋಡಿ, “ಏ, ಇದು ಸ್ಕೂಟರ್‌ಗೆ ಡಬ್ಬಿ ಕಟ್ಟೋ ರಬ್ಬರ್ ಐತಿ” ಎಂದರು. ಕರ್ರಗೆ, ಜಿಬುಜಿಬು, ತುದಿಯಲ್ಲಿ ಗಂಟು. ಹಾಕುವ ಮೊದಲು ಕೈಯಲ್ಲೇ ಚೆನ್ನಾಗಿ ಜಗ್ಗಿಸಿದೆ. ಸುತ್ತು ಹೆಚ್ಚಾದರೆ ಬಿರಡೆಯ ಮೇಲೆ ಒಂದರ ಮೇಲೊಂದು ಗುಪ್ಪೆಯಾಗುತ್ತವೆ. ಎರಡು ಸುತ್ತಿಗೆ ನಿಲ್ಲುವಂತೆ ಅಳೆದು ಹಾಕಿದೆವು. ಆಮೇಲೆ ಶುರುವಾಯಿತು ನೋಡಿ ತಾಳ್ಮೆಯ ಪರೀಕ್ಷೆ. ಶ್ರುತಿ ಮಾಡಿ ಚಹಾಕ್ಕೆ ಎದ್ದು ಬರುವಷ್ಟರಲ್ಲಿ ಎರಡು ಸ್ವರ ಇಳಿದಿರುತ್ತಿತ್ತು. ಮೊದಲ ದಿನ ಹತ್ತಾರು ಸಲ, ಎರಡನೆಯ ದಿನ ಐದಾರು ಸಲ ತಿರುವಬೇಕಾಯಿತು. ಹುಡುಗನಿಗೆ ತಂತಿಯೇ ಕೆಟ್ಟದ್ದಿರಬೇಕು ಎಂಬ ಅನುಮಾನ. ಅದು ಕೆಟ್ಟದ್ದಲ್ಲ, ಹಿಗ್ಗಿ ಮುಗಿಯಬೇಕು ಅಷ್ಟೆ. ಐದನೆಯ ದಿನಕ್ಕೆ ನಿಂತಿತು.

ಇಷ್ಟಾದ ಮೇಲೂ ಕೊಳ್ಳುವ ಮುನ್ನ ಒಂದು ಟೇಪು ಹಿಡಿಯಿರಿ. ನಟ್‌ನಿಂದ ಹನ್ನೆರಡನೆಯ ಮೆಟ್ಟಿಲಿನವರೆಗೆ ಅಳೆದು ಎರಡರಿಂದ ಗುಣಿಸಿ. ನೇರ ಕುದುರೆಯವರೆಗೆ ಅಳೆದರೆ ಕುದುರೆಯ ಓರೆಯಿಂದಾಗಿ ಲೆಕ್ಕ ತುಸು ತಪ್ಪುತ್ತದೆ. ಅಂಗಡಿಯಾತನಿಗೆ ಆ ಅಂಕಿಯನ್ನೂ ಪಿಕಪ್ಪಿನ ಜಾತಿಯನ್ನೂ ಮೊದಲು ಹೇಳಿ, ಕಂಪನಿಯ ಹೆಸರು ಆಮೇಲೆ. ನಮ್ಮ ಹುಡುಗನದು ಇಪ್ಪತ್ತೂವರೆ ಇಂಚು ಬಂತು.